ತಂಗಿ ಮಗನ ಖಾತೆಯಲ್ಲಿ ಡ್ರಗ್ಸ್ ದುಡ್ಡು ಓಡಾಡಿದೆಯಂತೆ, ತಂಗಿಯ ಸೈಟಿಗೂ ತಡೆ ಬಿದ್ದಿದೆ. ಈ ಕಾನೂನು ತಿಳಿದವರು ದಯವಿಟ್ಟು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯೋಕೆ ಮೂರು ದಿನ ಹಿಂದೆ ಮುಂದೆ ನೋಡಿದೆ. ಮನೆ ಮಾನದ ವಿಷಯ. ಆದ್ರೆ ನಮ್ಮೂರಲ್ಲಿ ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸ್ತಿದ್ದಾರೆ, ದಾರಿ ಯಾರೂ ತೋರಿಸ್ತಿಲ್ಲ.

ನನ್ನ ತಂಗಿ ಹರಿಹರದ ಹತ್ತಿರ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಯಜಮಾನರು ತೀರಿಕೊಂಡು ಒಂಬತ್ತು ವರ್ಷ ಆಯ್ತು. ಒಬ್ಬನೇ ಮಗ, ಬೆಂಗಳೂರಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಸ್ನೇಹಿತನೊಬ್ಬನ ಜೊತೆ ರೂಮು ಮಾಡ್ಕೊಂಡಿದ್ದ, ಬಾಡಿಗೆ ಕರಾರು ಆ ಸ್ನೇಹಿತನ ಹೆಸರಲ್ಲೇ ಇದೆ. "ನನ್ನ ಖಾತೆ ಲಿಮಿಟ್ ಆಗಿದೆ ಕಣೋ, ನಿನ್ನದು ಸ್ವಲ್ಪ ದಿನ ಕೊಡು, ತಿಂಗಳಿಗೆ ಮೂರು ಸಾವಿರ ಕೊಡ್ತೀನಿ" ಅಂತ ಅವನು ಕೇಳಿದ್ದಾನೆ. ನಮ್ಮ ಹುಡುಗ ಎಟಿಎಂ ಕಾರ್ಡು, ಪಿನ್ನು ಎರಡೂ ಕೊಟ್ಟುಬಿಟ್ಟಿದ್ದಾನೆ. ನಾಲ್ಕು ತಿಂಗಳಲ್ಲಿ ಆ ಖಾತೆಯಲ್ಲಿ 6 ಲಕ್ಷದ 40 ಸಾವಿರ ಓಡಾಡಿದೆ.

ಹೋದ ತಿಂಗಳು ಆ ಸ್ನೇಹಿತ ಎಂಡಿಎಂಎ ಮಾತ್ರೆ, ಗಾಂಜಾ ಸಮೇತ ಸಿಕ್ಕಿಬಿದ್ದ. ನಮ್ಮ ಹುಡುಗನನ್ನು ಎರಡು ಸಲ ಠಾಣೆಗೆ ಕರೆಸಿ ಕೇಳಿದ್ದಾರೆ, ಅರೆಸ್ಟ್ ಮಾಡಿಲ್ಲ. ಹನ್ನೊಂದು ದಿನದ ಹಿಂದೆ ಒಂದು ಆದೇಶ ಬಂತು: ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತು ತಡೆ ಕಾನೂನು) ಸೆಕ್ಷನ್ 68ಎಫ್. ಅವನ ಖಾತೆ, ತಂಗಿಯ ಗೌರವಧನ ಬರೋ ಖಾತೆ, ತಂಗಿ ಹೆಸರಲ್ಲಿರೋ 30x40 ಸೈಟು, ಮೂರಕ್ಕೂ ತಡೆ.

ಸೈಟು 2019ರಲ್ಲಿ ತಗೊಂಡಿದ್ದು. ಸ್ವಲ್ಪ ಚೀಟಿ ದುಡ್ಡು, ಮಿಕ್ಕಿದ್ದು ಸೊಸೈಟಿ ಸಾಲ. ಹುಡುಗ ಆಗಿನ್ನೂ ಹೈಸ್ಕೂಲು. ಆದ್ರೆ ದೀಪಾವಳಿಗೆ ಬಂದಾಗ "ಪಾರ್ಟ್ ಟೈಮ್ ಕೆಲಸ ಮಾಡ್ತಿದ್ದೀನಿ ಅಮ್ಮ" ಅಂತ ಹೇಳಿ 20,000 ಅವಳ ಖಾತೆಗೆ ಹಾಕಿದ್ದ. ಅವಳು ಅದನ್ನ ಹಾಗೇ ಸೈಟಿನ ಸಾಲದ ಕಂತಿಗೆ ಕಟ್ಟಿದ್ದಾಳೆ.

ಈಗ ಅವಳು ಹೇಳ್ತಿರೋದು: ಆ 20,000 ಟ್ಯೂಷನ್ ಮಾಡಿದ ದುಡ್ಡು ಅಂತ ಬರೆದುಕೊಟ್ಟುಬಿಡೋಣ, ಊರಲ್ಲಿ ನಾಲ್ಕು ಜನ ಸಾಕ್ಷಿ ಹೇಳ್ತಾರೆ ಅಂತ. ನನಗೆ ಎದೆ ಒಪ್ತಿಲ್ಲ. ಏನು ಮಾಡಲಿ?

ಕರಿಕೋಟು

ತುಂಗಾತೀರ ಅವರೇ, ಮೊದಲು ಇದಕ್ಕೆ ಉತ್ತರ: ಬೇಡ. ಒಂದೇ ಒಂದು ಸುಳ್ಳು ಕಾಗದವೂ ಬೇಡ. ನಿಮ್ಮ ತಂಗಿ ಈವರೆಗೆ ಏನೂ ತಪ್ಪು ಮಾಡಿಲ್ಲ. ಆ ಕಾಗದಕ್ಕೆ ಸಹಿ ಹಾಕಿದ ಗಳಿಗೆಯಲ್ಲಿ ಮಾಡಿದ ಹಾಗಾಗುತ್ತದೆ. ಅಪರಾಧದಿಂದ ಬಂದ ದುಡ್ಡಿನ ಮೂಲ ಮರೆಮಾಚುವುದೇ ಈ ಕಾನೂನಿನ ಪ್ರಕಾರ ಅಪರಾಧ.

ಇಪ್ಪತ್ತೆರಡು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ, ಇದರಲ್ಲಿ ಅರ್ಧ ಎನ್‌ಡಿಪಿಎಸ್ ಕೇಸುಗಳು. ಜನ ಎಲ್ಲವನ್ನೂ "ಇ.ಡಿ. ಕೇಸು", ಅಂದರೆ ಜಾರಿ ನಿರ್ದೇಶನಾಲಯದ ಕೇಸು, ಅಂದುಬಿಡುತ್ತಾರೆ. ನಿಮ್ಮದು ಸದ್ಯಕ್ಕೆ ಇ.ಡಿ. ಅಲ್ಲ. ಡ್ರಗ್ಸ್ ದುಡ್ಡಿನ ಬೆನ್ನು ಹತ್ತಲು ನಮ್ಮಲ್ಲಿ ಎರಡು ದಾರಿ ಇವೆ. ಒಂದು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಅಂದರೆ ಪಿಎಂಎಲ್ಎ. ಅದು ಇ.ಡಿ. ಕೈಯಲ್ಲಿದೆ. ಇನ್ನೊಂದು ಎನ್‌ಡಿಪಿಎಸ್ ಕಾಯ್ದೆಯ ಒಳಗೇ ಇರುವ 5ಎ ಅಧ್ಯಾಯ. ಇದು ಇನ್ನೂ ಹಳೆಯದು, 1989ರ ತಿದ್ದುಪಡಿಯಲ್ಲಿ ಬಂದದ್ದು. ಹಿಂದಿನ ವರ್ಷ, 1988ರ ಡಿಸೆಂಬರಿನಲ್ಲಿ, ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಗಿತ್ತು: ಮಾದಕ ವಸ್ತು ಹಿಡಿದರೆ ಸಾಲದು, ಅದರ ದುಡ್ಡನ್ನೂ ಕಿತ್ತುಕೊಳ್ಳಬೇಕು ಎಂದು. 68ಎಫ್ ಈ ಅಧ್ಯಾಯದ ಸೆಕ್ಷನ್.

ಇದರಲ್ಲಿ ನಿಮಗೆ ಬೇಕಾದದ್ದು ದಿನದ ಲೆಕ್ಕ. ತಡೆ ಹಾಕಿದ ಅಧಿಕಾರಿ 48 ಗಂಟೆಯೊಳಗೆ ಆದೇಶದ ಪ್ರತಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಕಳಿಸಬೇಕು. ಕರ್ನಾಟಕಕ್ಕೆ ಆ ಪ್ರಾಧಿಕಾರ ಇರುವುದು ಚೆನ್ನೈನಲ್ಲಿ. ಅವರು 30 ದಿನದೊಳಗೆ ಖಾಯಂ ಮಾಡದಿದ್ದರೆ ಆದೇಶಕ್ಕೆ ಬೆಲೆ ಇಲ್ಲ. ಹನ್ನೊಂದು ಕಳೆದಿವೆ ಅಂದಿರಿ. ಉಳಿದ ಹತ್ತೊಂಬತ್ತು ದಿನದಲ್ಲಿ ನಿಮ್ಮ ಕಾಗದಪತ್ರ ಅವರ ಮೇಜಿನ ಮೇಲೆ ಇರಬೇಕು. ಅವರಾಗಿ ಕರೆಯಲಿ ಎಂದು ಕಾಯಬೇಡಿ.

ಇನ್ನೊಂದು ಪ್ರಶ್ನೆ. ಆದೇಶದಲ್ಲಿ ನಿಮ್ಮ ತಂಗಿಯನ್ನು ಏನೆಂದು ಕರೆದಿದ್ದಾರೆ? "ಸಂಬಂಧಿ" ಅಂತಲೋ, "ಸಹವರ್ತಿ" ಅಂತಲೋ?

ತುಂಗಾತೀರ

ಈಗಷ್ಟೇ ಮತ್ತೆ ತೆಗೆದು ಓದಿದೆ ಸಾರ್. ಹುಡುಗನನ್ನು "ಸಹವರ್ತಿ" ಅಂದಿದ್ದಾರೆ. ತಂಗಿಯನ್ನು "ಸದರಿ ಸಹವರ್ತಿಯ ತಾಯಿ" ಅಂತ ಮಾತ್ರ. ಸೈಟಿಗೆ ಯಾಕೆ ತಡೆ ಅನ್ನೋದಕ್ಕೆ ಒಂದೇ ಸಾಲು: "ಅಕ್ರಮ ಹಣದಿಂದ ಗಳಿಸಿದ್ದೆಂದು ನಂಬಲು ಕಾರಣವಿರುತ್ತದೆ." ಕಾರಣ ಏನು ಅಂತ ಬರೆದಿಲ್ಲ.

ಧಾರವಾಡದ ರಿಟೈರ್ಡ್ ಮ್ಯಾನೇಜರ್

ನೋಡ್ರಿ, ನಾ 31 ವರ್ಷ ಬ್ಯಾಂಕಿನಾಗ ಕೆಲಸಾ ಮಾಡೇನಿ. ಕಾಯ್ದೆ ಮಾತು ವಕೀಲರು ಹೇಳ್ತಾರ, ನಾ ಖಾತೆ ಮಾತು ಹೇಳ್ತೀನಿ. ಹುಡುಗನ ಸ್ಟೇಟ್‌ಮೆಂಟ್ ತಗದು ನೋಡ್ರಿ, ನಾ ಹೇಳಿದಂಗ ಅದನೋ ಇಲ್ಲೋ. 500, 800, 1,500, ಹಿಂಗ ಸಣ್ಣ ಸಣ್ಣ ರೊಕ್ಕ. ಕಳಿಸಿದವರ ಹೆಸರು ಎರಡನೇ ಸಲ ಬರೂದು ಭಾಳ ಕಡಿಮಿ. ಟೈಮು ರಾತ್ರಿ ಹನ್ನೊಂದರಿಂದ ಎರಡರ ನಡುವ. ಬೆಳಗಾಗೂದ್ರಾಗ ಎಟಿಎಂದಾಗ ಹತ್ತು ಸಾವಿರ, ಮತ್ತ ಹತ್ತು ಸಾವಿರ. ಖಾತೆದಾಗ ಉಳಿಯೂದು ನೂರೋ ಇನ್ನೂರೋ. ಹಾಸ್ಟೆಲ್ ಹುಡುಗನ ಖಾತೆ ಹಿಂಗ ಇರಂಗಿಲ್ಲ. ಮನಿಯಿಂದ ತಿಂಗಳಿಗೊಮ್ಮೆ ರೊಕ್ಕ ಬರತದ, ಮೆಸ್ಸು, ಚಾ, ರಿಚಾರ್ಜು ಅಂತ ನಿಧಾನಕ್ಕ ಕರಗತದ.

ಇದನ್ನ ಬ್ಯಾಂಕಿನ ಕಂಪ್ಯೂಟರ್ ತಾನ ಹಿಡೀತದ. ಸಂಶಯ ಗಟ್ಟಿ ಆತಂದ್ರ ಏಳು ಕೆಲಸದ ದಿನದಾಗ ದಿಲ್ಲಿಯ ಎಫ್‌ಐಯುಗೆ, ಅಂದ್ರ ಹಣಕಾಸು ಗುಪ್ತಚರ ಘಟಕಕ್ಕ, ವರದಿ ಹೋಗಬೇಕು. ಆ ಘಟಕ 2004ರಾಗ ಹುಟ್ಟಿದ್ದು. ಪಿಎಂಎಲ್ಎ ಜಾರಿಗೆ ಬಂದದ್ದು 2005ರ ಜುಲೈ 1ಕ್ಕ. ವರದಿ ಕಳಿಸಿದ್ದು ಗಿರಾಕಿಗೆ ಹೇಳೂ ಹಂಗಿಲ್ಲ. ಕೌಂಟರಿನಾಗ ಎದುರಿಗೆ ನಿಂತು ನಗ್ತಿದ್ದವರ ಮ್ಯಾಲೆ ನಾನ ವರದಿ ಕಳಿಸೇನಿ, ಹೇಳಾಕ ಬರ್ತಿದ್ದಿಲ್ಲ.

ಮಂದಿ ಇನ್ನೊಂದು ತಪ್ಪು ತಿಳಕೊಂಡಾರ: 10 ಲಕ್ಷದ ಕೆಳಗಿದ್ರ ಯಾರೂ ನೋಡಂಗಿಲ್ಲ ಅಂತ. ಅದು ನಗದು ವ್ಯವಹಾರದ ವರದಿಗೆ ಇರೂ ಗೆರಿ. ಒಂದು ತಿಂಗಳಾಗ ಒಂದಕ್ಕೊಂದು ಸಂಬಂಧ ಇರೂ ಸಣ್ಣ ಸಣ್ಣ ಜಮಾ ಕೂಡಿ 10 ಲಕ್ಷ ದಾಟಿದ್ರೂ ಆ ವರದಿ ಹೋಗತದ. ಸಂಶಯದ ವರದಿಗಂತೂ ಗೆರಿನ ಇಲ್ಲ, 500 ರೂಪಾಯಿಗೂ ಬರೀಬಹುದು.

ತುಂಗಾತೀರ, ತಂಗಿಗೆ ಒಂದು ಮಾತು ಹೇಳ್ರಿ. ಟ್ಯೂಷನ್ ಕಥಿ ಆ ಖಾತೆ ಮುಂದ ನಿಲ್ಲಂಗಿಲ್ಲ. ಟ್ಯೂಷನ್ ಫೀ ರಾತ್ರಿ ಒಂದೂವರಿಗೆ ಯಾರೂ ಕಳಸಂಗಿಲ್ಲ.

ಕಡಲಮಗಳು

ನಾನು ಮಂಗಳೂರಿನವಳು. ನಿಮ್ಮ ತಂಗಿಯ ಸಂಕಟ ನನಗೆ ಅರ್ಥ ಆಗ್ತದೆ, ಆದರೆ ನನ್ನದನ್ನೂ ಹೇಳಲೇಬೇಕು.

ನನ್ನ ಮಗ ಎರಡು ವರ್ಷ ಎಂಡಿಎಂಎ ತಗೊಂಡಿದ್ದ. ಈಗ ಚಿಕಿತ್ಸೆಯಲ್ಲಿದ್ದಾನೆ. ಮೊನ್ನೆ ಅವನ ಖಾತೆಯ ಹಳೆ ಸ್ಟೇಟ್‌ಮೆಂಟ್ ತೆಗೆದು ಕೂತೆ. ಮೇಲಿನ ಅಣ್ಣ ಬರೆದದ್ದೇ ಉಂಟಲ್ಲ, ಅದರ ಈಚೆ ತುದಿ ನಮ್ಮ ಮನೆಯಲ್ಲಿ ಇತ್ತು. 1,500, ಪುನಃ 1,500, ಪುನಃ 2,000. ಹೋದದ್ದೆಲ್ಲ ಯಾರೋ ವಿದ್ಯಾರ್ಥಿಗಳ ಖಾತೆಗೆ. ನಾನು ಅವನ ಫೀಸಿಗೆ ಅಂತ ಬಳೆ ಅಡವಿಟ್ಟ ದುಡ್ಡು ಹೀಗೆ ಹೋಗಿದೆ. ಕೆಲವು ಕಡೆ "ಬಿರಿಯಾನಿ" ಅಂತ ಬರೆದಿದ್ದಾನೆ, ಒಂದು ಕಡೆ "ಬುಕ್ಸ್".

ತಿಂಗಳಿಗೆ ಮೂರು ಸಾವಿರಕ್ಕೆ ಖಾತೆ ಕೊಟ್ಟ ಹುಡುಗನಿಗೆ ಏನೂ ಗೊತ್ತಿರಲಿಲ್ಲ ಅಂತ ನೀವು ನಂಬ್ತೀರಾ? ಒಂದೇ ರೂಮಲ್ಲಿ ಮಲಗ್ತಿದ್ದವರು ಅವರು.

ತುಂಗಾತೀರ

ಅಕ್ಕಾ, ನಿಮ್ಮ ಮಾತು ಓದಿ ಕೈ ಕಟ್ಟಿ ಹಾಕಿದ ಹಾಗಾಯ್ತು. ನಾನೂ ಇದನ್ನೇ ಅವನನ್ನು ಕೇಳಿದೆ. ಮೊದಲು "ಗೊತ್ತಿರಲಿಲ್ಲ ಮಾವ" ಅಂದ. ನಿನ್ನೆ ರಾತ್ರಿ ಮಹಡಿ ಮೇಲೆ ಇಬ್ಬರೇ ಕೂತಾಗ ಬಾಯಿ ಬಿಟ್ಟ. ಮೊದಲ ತಿಂಗಳು ಗೊತ್ತಿರಲಿಲ್ಲವಂತೆ. ಎರಡನೇ ತಿಂಗಳಲ್ಲಿ ಅನುಮಾನ ಬಂತಂತೆ. ಆಮೇಲೆ ಕೇಳೋಕೆ ಹೋಗಲಿಲ್ಲವಂತೆ. ಇದನ್ನ ತಂಗಿಗೆ ಇನ್ನೂ ಹೇಳಿಲ್ಲ.

ಕರಿಕೋಟು

ಇದನ್ನು ಇಲ್ಲಿ ಇನ್ನಷ್ಟು ಬರೆಯಬೇಡಿ, ವಕೀಲರ ಹತ್ತಿರ ಮಾತ್ರ ಹೇಳಿ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದು ನಿಂತಿದೆ, ಹಾಗಾಗಿ ಎಲ್ಲರಿಗೂ ಅನ್ವಯಿಸುವ ಕಾನೂನಷ್ಟೇ ಹೇಳುತ್ತೇನೆ.

ಎನ್‌ಡಿಪಿಎಸ್‌ನಲ್ಲಿ 8ಎ ಎಂಬ ಸೆಕ್ಷನ್ ಇದೆ, 2001ರಲ್ಲಿ ಸೇರಿಸಿದ್ದು. ಡ್ರಗ್ಸ್ ಅಪರಾಧದಿಂದ ಬಂದ ಆಸ್ತಿ ಎಂದು ಗೊತ್ತಿದ್ದೂ ಅದನ್ನು ವರ್ಗಾಯಿಸುವುದು, ಬಚ್ಚಿಡುವುದು, ಇಟ್ಟುಕೊಳ್ಳುವುದು, ಬಳಸುವುದು ನಿಷಿದ್ಧ. ಆಶ್ಚರ್ಯವೆಂದರೆ ಹದಿಮೂರು ವರ್ಷ ಅದಕ್ಕೆ ತಕ್ಕ ಪ್ರತ್ಯೇಕ ಶಿಕ್ಷೆಯ ಸೆಕ್ಷನ್ನೇ ಇರಲಿಲ್ಲ. 2014ರಲ್ಲಿ 27ಬಿ ಬಂತು: ಕನಿಷ್ಠ 3 ವರ್ಷ, ಗರಿಷ್ಠ 10 ವರ್ಷ ಕಠಿಣ ಶಿಕ್ಷೆ.

"ಗೊತ್ತಿದ್ದೂ" ಎಂಬ ಆ ಒಂದು ಪದದ ಮೇಲೆ ಇಡೀ ಕೇಸು ನಿಲ್ಲುತ್ತದೆ. ಬೇರೆ ಕ್ರಿಮಿನಲ್ ಕೇಸಿನಲ್ಲಿ "ಇವನಿಗೆ ಗೊತ್ತಿತ್ತು" ಎಂದು ಸರ್ಕಾರ ಸಾಬೀತು ಮಾಡಬೇಕು. ಇಲ್ಲಿ ಸೆಕ್ಷನ್ 35 ಇದೆ. ಗೊತ್ತಿತ್ತು ಎಂದೇ ನ್ಯಾಯಾಲಯ ಭಾವಿಸಿಕೊಂಡು ಹೊರಡುತ್ತದೆ. ಗೊತ್ತಿರಲಿಲ್ಲ ಎಂದು ಆರೋಪಿ ತೋರಿಸಬೇಕು, ಅದೂ ಸಂಶಯಕ್ಕೆ ಎಡೆಯಿಲ್ಲದ ಹಾಗೆ. "ನನಗೇನು ಗೊತ್ತು ಸ್ವಾಮಿ" ಎಂಬ ಮಾತಿಗೆ ಇಷ್ಟು ಭಾರ ಹೊರಿಸಿದ ಕಾನೂನು ನಮ್ಮಲ್ಲಿ ಹೆಚ್ಚಿಲ್ಲ. ಮೂರು ಸಾವಿರ ತಗೊಂಡು ಕಾರ್ಡು ಪಿನ್ನು ಕೊಡುವ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ನನಗೆ ಕೋರ್ಟಿನಲ್ಲಿ ಪ್ರತಿ ಸಲ ನೋವಾಗುವುದು ಇದಕ್ಕೇ.

ಠಾಣೆಯ ಹೇಳಿಕೆ ಬಗ್ಗೆ: 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎನ್‌ಡಿಪಿಎಸ್ ಅಧಿಕಾರಿಗಳ ಮುಂದೆ ಸೆಕ್ಷನ್ 67ರಡಿ ಕೊಟ್ಟ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದಿತು. ಇ.ಡಿ. ಮುಂದೆ ಹಾಗಲ್ಲ. ಪಿಎಂಎಲ್ಎ ಸೆಕ್ಷನ್ 50ರಡಿ ಅವರು ಬರೆದುಕೊಳ್ಳುವ ಹೇಳಿಕೆಗೆ ತೂಕ ಇದೆ, ಏಕೆಂದರೆ ಅವರು ಪೊಲೀಸರಲ್ಲ ಎಂದು 2022ರ ತೀರ್ಪು ಹೇಳುತ್ತದೆ.

ಇನ್ನು ನಿಮ್ಮ ತಂಗಿಯ ವಿಷಯ. ಇದು ಬೇರೆ, ದಯವಿಟ್ಟು ಎರಡನ್ನೂ ಕಲೆಸಬೇಡಿ. 68ಎ ಪ್ರಕಾರ ಈ ಅಧ್ಯಾಯ ಯಾರಿಗೆ ಅನ್ವಯ? 10 ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧದಲ್ಲಿ ಶಿಕ್ಷೆಯಾದವನಿಗೆ, ಬಂಧಿತನಿಗೆ, ಅಂಥವನ ಸಂಬಂಧಿಗೆ, ಅಂಥವನ ಸಹವರ್ತಿಗೆ. ಎಂಡಿಎಂಎ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಶಿಕ್ಷೆ 10ರಿಂದ 20 ವರ್ಷ. ಸ್ನೇಹಿತ ಸಿಕ್ಕಿಬಿದ್ದದ್ದು ಅಷ್ಟಿದ್ದರೆ ಅವನು ಒಳಗೆ ಬಂದ. ನಿಮ್ಮ ಹುಡುಗ "ಸಹವರ್ತಿ", ಏಕೆಂದರೆ ಅಂಥವನ ವಾಸದ ಜಾಗದಲ್ಲಿ ಜೊತೆಗಿದ್ದವನೂ ಕಾನೂನಿನ ವ್ಯಾಖ್ಯೆಯಲ್ಲಿ ಸಹವರ್ತಿಯೇ. ಕರಾರು ಸ್ನೇಹಿತನ ಹೆಸರಲ್ಲಿದೆ ಅಂದಿರಲ್ಲ, ಅದಕ್ಕೇ ಈ ಪದ. ಆದರೆ ಸಹವರ್ತಿಯ ತಾಯಿ? ಪಟ್ಟಿಯಲ್ಲಿ ಅಂಥ ಸಾಲಿಲ್ಲ. ಸಂಬಂಧಿ ಎಂದರೆ ಬಂಧಿತನ ಸಂಬಂಧಿ. ನಿಮ್ಮ ಹುಡುಗ ಬಂಧಿತನಲ್ಲ. ಮುಂದೆ ಬಂಧನವಾದರೆ ಲೆಕ್ಕ ಬದಲಾಗುತ್ತದೆ, ಈ ದಿನಕ್ಕೆ ಹೀಗಿದೆ.

ಜೊತೆಗೆ, ಆಸ್ತಿಗೂ ಡ್ರಗ್ಸ್ ದುಡ್ಡಿಗೂ ಏನು ಕೊಂಡಿ ಎಂದು ಅಧಿಕಾರಿ ಕಾರಣ ಬರೆಯಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಇದೇ ಅಧ್ಯಾಯದ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. "ನಂಬಲು ಕಾರಣವಿರುತ್ತದೆ" ಎಂಬ ಸಾಲನ್ನು ನಕಲು ಮಾಡಿದರೆ ಅದು ಕಾರಣವಲ್ಲ.

ಮೂರನೇಬೆಂಚು

ನಾನು ಕಾನೂನು ವಿದ್ಯಾರ್ಥಿ, ಕೊನೆಯ ವರ್ಷ. ಕಡಲಮಗಳು ಅಮ್ಮನ ನೋವಿಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಈ ಕಾನೂನುಗಳು ಹಿಗ್ಗಿರೋ ರೀತಿ ನನಗೆ ಭಯ ತರುತ್ತೆ.

ಪಿಎಂಎಲ್ಎ 2002ರಲ್ಲಿ ಪಾಸಾದಾಗ ಅದರ ಅನುಸೂಚಿಯ, ಅಂದ್ರೆ ಯಾವ್ಯಾವ ಅಪರಾಧದ ದುಡ್ಡಿಗೆ ಕಾಯ್ದೆ ಅನ್ವಯ ಅನ್ನೋ ಪಟ್ಟಿಯ, 'ಎ' ಭಾಗದಲ್ಲಿ ಇದ್ದದ್ದು ಎರಡೇ ಗುಂಪು. ಒಂದು ದೇಶದ ವಿರುದ್ಧ ಯುದ್ಧ, ಇನ್ನೊಂದು ಎನ್‌ಡಿಪಿಎಸ್. ಜಾಮೀನಿಗೆ ಜೋಡಿ ಷರತ್ತು, ಅಂದ್ರೆ ಆರೋಪಿ ತಪ್ಪಿತಸ್ಥನಲ್ಲ ಅಂತ ನ್ಯಾಯಾಧೀಶರಿಗೇ ಮೇಲ್ನೋಟಕ್ಕೆ ಅನ್ನಿಸಬೇಕು, ಹೊರಗೆ ಹೋದ್ರೆ ಮತ್ತೆ ಅಪರಾಧ ಮಾಡಲ್ಲ ಅಂತಲೂ ಅನ್ನಿಸಬೇಕು ಅನ್ನೋದನ್ನ ಇಂಥ ಭಾರೀ ಅಪರಾಧಗಳಿಗೆ ಇಟ್ಟಿದ್ರು. ಎನ್‌ಡಿಪಿಎಸ್‌ನ ಸೆಕ್ಷನ್ 37ರಲ್ಲೂ ಇದೇ ಥರದ ಷರತ್ತು ಇದೆ. 2013ರಲ್ಲಿ 'ಬಿ' ಭಾಗದ ಅಪರಾಧಗಳನ್ನೂ 'ಎ'ಗೆ ತಂದು ಸೇರಿಸಿದ್ರು. ಡ್ರಗ್ ಮಾಫಿಯಾಗೆ ಅಂತ ಮಾಡಿದ ಬಾಗಿಲು ಮೋಸದ ಕೇಸಿನವನಿಗೂ ಬಂತು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನ ಹೊಡೆದುಹಾಕಿತು, 2018ರಲ್ಲಿ ಸಂಸತ್ತು ತಿದ್ದುಪಡಿ ತಂದು ವಾಪಸ್ ತಂತು, 2022ರ ಜುಲೈ 27ರಂದು ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು.

ಫಲ ಏನು? 2024ರಲ್ಲಿ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಹತ್ತು ವರ್ಷದಲ್ಲಿ 5,000ಕ್ಕೂ ಹೆಚ್ಚು ಪ್ರಕರಣ, ಶಿಕ್ಷೆ ಆದದ್ದು 40. ಎಲ್ಲ ಬಗೆಯ ಪಿಎಂಎಲ್ಎ ಪ್ರಕರಣ ಸೇರಿಸಿ.

ಕಾನೂನು ಬರೆಯೋರ ಎಚ್ಚರಿಕೆ ಹೇಗಿದೆ ನೋಡಿ. ಡ್ರಗ್ಸ್ ದಂಧೆಗೆ ದುಡ್ಡು ಹಾಕೋರಿಗೆ 10ರಿಂದ 20 ವರ್ಷ ಶಿಕ್ಷೆ ಕೊಡೋ 27ಎ ಸೆಕ್ಷನ್ ಇದೆಯಲ್ಲ, ಅದು ಒಂದು ವ್ಯಾಖ್ಯೆಯನ್ನ ನಂಬರ್ ಹಾಕಿ ಸೂಚಿಸುತ್ತೆ. 2014ರ ತಿದ್ದುಪಡಿಯಲ್ಲಿ ಆ ವ್ಯಾಖ್ಯೆಯ ನಂಬರ್ ಬದಲಾಯ್ತು, 27ಎ ಒಳಗೆ ಹಳೇ ನಂಬರೇ ಉಳೀತು. ಹಳೇ ನಂಬರಿನ ಜಾಗದಲ್ಲಿ ಈಗ ಇದ್ದದ್ದು ಚಿಕಿತ್ಸೆಗೆ ಅಗತ್ಯವಾದ ಮಾದಕ ಔಷಧಗಳ ವ್ಯಾಖ್ಯೆ. ಏಳು ವರ್ಷ ಯಾರೂ ಸರಿ ಮಾಡಲಿಲ್ಲ. 2021ರಲ್ಲಿ ತ್ರಿಪುರಾ ಹೈಕೋರ್ಟ್ ಎತ್ತಿ ತೋರಿಸಿದ ಮೇಲೆ ಸೆಪ್ಟೆಂಬರ್ 30ರಂದು ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆ. ತಿದ್ದುಪಡಿಯನ್ನ 2014ರ ಮೇ 1ರಿಂದಲೇ ಅನ್ವಯ ಅಂದ್ರು. ಇಪ್ಪತ್ತು ವರ್ಷ ಜೈಲಿಗೆ ಕಳಿಸೋ ಸೆಕ್ಷನ್ ಇದು.

ಕಡಲಮಗಳು

ಮಗಾ, ನೀನು ಹೇಳಿದ ಒಂದೂ ಸುಳ್ಳಿರಲಿಕ್ಕಿಲ್ಲ. ಆದರೆ ಸರಿ ಮಾಡಬೇಕು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ವ್ಯತ್ಯಾಸ ಉಂಟು. ನನ್ನ ಮಗನಿಗೆ ಮಾತ್ರೆ ತಂದುಕೊಟ್ಟವ ಇಪ್ಪತ್ತು ವರ್ಷದ ಹುಡುಗ, ಅವನನ್ನು ಹಿಡಿದರು. ಆರು ವಾರದಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬಂದ. ಯಾಕೆಂದರೆ ದುಡ್ಡು ಎಲ್ಲಿಗೆ ಹೋಗಿ ಸೇರ್ತಿತ್ತೋ ಆ ಜಾಗ ಹಾಗೇ ಇತ್ತು. ಆ ದುಡ್ಡಿನ ಹಿಂದೆ ಹೋಗುವ ಕಾನೂನು ಇಲ್ಲದಿದ್ದರೆ ಹಿಡಿಯಲಿಕ್ಕೆ ಉಳಿಯುವುದು ನಮ್ಮ ನಿಮ್ಮ ಮಕ್ಕಳು ಮಾತ್ರ.

ಹಡ್ಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಹಣಕಾಸು ಸಂಸ್ಥೆಯೊಂದರಲ್ಲಿ ಇಂಥ ವ್ಯವಹಾರಗಳನ್ನು ಪತ್ತೆ ಮಾಡುವುದೇ ನನ್ನ ಕೆಲಸ. ಕಡಲಮಗಳು ಅವರ ಕೊನೆಯ ಮಾತು ನನ್ನನ್ನು ಬರೆಯಲು ಕೂರಿಸಿತು.

ದುಡ್ಡು ಹೋಗಿ ಸೇರುವ ಜಾಗ ಅಂದರಲ್ಲ, ಅದು ಕೆಲವೊಮ್ಮೆ ದೊಡ್ಡ ಬ್ಯಾಂಕೇ. 2012ರಲ್ಲಿ ಎಚ್‌ಎಸ್‌ಬಿಸಿ ಅಮೆರಿಕ ಸರ್ಕಾರದ ಜೊತೆ 190 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು. ಮೆಕ್ಸಿಕೊದ ಸಿನಾಲೋವಾ ಕಾರ್ಟೆಲ್ ಮತ್ತು ಕೊಲಂಬಿಯಾದ ಇನ್ನೊಂದು ಕಾರ್ಟೆಲ್‌ನ ಕನಿಷ್ಠ 88 ಕೋಟಿ ಡಾಲರ್ ಅದರ ಮೂಲಕ ಹಾದುಹೋಗಿತ್ತು. ಮೆಕ್ಸಿಕೊದ ಶಾಖೆಗಳಲ್ಲಿ ಕೌಂಟರಿನ ಕಿಂಡಿಯ ಅಳತೆಗೆ ಸರಿಯಾಗಿ ಮಾಡಿಸಿದ ಪೆಟ್ಟಿಗೆಗಳಲ್ಲಿ ನೋಟು ತಂದು ಜಮಾ ಮಾಡುತ್ತಿದ್ದರು. ಯಾರೊಬ್ಬರೂ ಜೈಲಿಗೆ ಹೋಗಲಿಲ್ಲ. 2024ರ ಅಕ್ಟೋಬರಿನಲ್ಲಿ ಟಿಡಿ ಬ್ಯಾಂಕ್ ತಪ್ಪೊಪ್ಪಿಕೊಂಡು ಸುಮಾರು 300 ಕೋಟಿ ಡಾಲರ್ ಕಟ್ಟಿತು. ಒಂದೇ ಜಾಲ ಅಲ್ಲಿ 47 ಕೋಟಿ ಡಾಲರಿಗೂ ಹೆಚ್ಚು ಸಾಗಿಸಿತ್ತು, ಶಾಖೆಯ ನೌಕರರಿಗೆ ಕೊಟ್ಟದ್ದು 57,000 ಡಾಲರಿನಷ್ಟು ಗಿಫ್ಟ್ ಕಾರ್ಡು. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಇಲ್ಲಿ ಹಣ ಶುದ್ಧೀಕರಣವನ್ನು ಪ್ರತ್ಯೇಕ ಅಪರಾಧ ಮಾಡಿದ್ದು 1986ರ ಕಾನೂನು. 10,000 ಡಾಲರ್ ದಾಟಿದ ನಗದಿಗೆ ವರದಿ ಎಂಬ ನಿಯಮಕ್ಕೆ ಮೂಲ 1970ರ ಕಾಯ್ದೆ. 1989ರಲ್ಲಿ ಪ್ಯಾರಿಸ್ಸಿನ ಜಿ-7 ಸಭೆಯಲ್ಲಿ ಅಕ್ರಮ ಹಣ ತಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಹುಟ್ಟಿದ್ದೂ ಡ್ರಗ್ಸ್ ದುಡ್ಡಿಗೆ ಹೆದರಿಯೇ. ಭಾರತ ಅದರ ಸದಸ್ಯ ಆದದ್ದು 2010ರಲ್ಲಿ. ಇಷ್ಟೆಲ್ಲ ಇದ್ದೂ ನನ್ನ ಪರದೆಯ ಮೇಲೆ ದಿನಾ ಬರುವುದು ವಿದ್ಯಾರ್ಥಿಗಳ, ಕೂಲಿಯವರ, ಕೆಲಸ ಕಳೆದುಕೊಂಡವರ ಖಾತೆಗಳು. ನಾವು ಅವನ್ನು "ಮ್ಯೂಲ್" ಅನ್ನುತ್ತೇವೆ, ಹೇಸರಗತ್ತೆ. ಹೊರೆ ಹೊರುವುದು ಅದು, ಹೊರೆ ಯಾರದೋ. ಅದೇ ಮೊದಲು ಸಿಕ್ಕಿಬೀಳುವುದೂ.

ತುಂಗಾತೀರ ಅವರೇ, ಹುಡುಗನ ಫೋನಿನಲ್ಲಿ ಆ ಸ್ನೇಹಿತನ ಜೊತೆಗಿನ ವಾಟ್ಸಾಪ್ ಮಾತುಕತೆ ಇದ್ದರೆ ಒಂದಕ್ಷರವನ್ನೂ ಅಳಿಸಬಾರದು. ಖಾತೆ ಯಾರ ಹಿಡಿತದಲ್ಲಿತ್ತು ಎಂದು ತೋರಿಸುವುದು ಅದೇ. ಅಳಿಸಿದರೆ ಸಾಕ್ಷ್ಯ ನಾಶದ ಆರೋಪ ಮೇಲೆ ಬೀಳುತ್ತದೆ.

ಬೆಳವಲದ ದಾರಿ

ನಡುವೆ ಒಂದು ಮಾತು. "ನಿಮ್ಮ ಆಧಾರ್ ಮೇಲೆ ಡ್ರಗ್ಸ್ ಪಾರ್ಸೆಲ್ ಸಿಕ್ಕಿದೆ, ಮನಿ ಲಾಂಡರಿಂಗ್ ಕೇಸ್ ಆಗಿದೆ, ವಿಡಿಯೊ ಕಾಲ್ ಕಟ್ ಮಾಡಬೇಡಿ" ಅಂತ ನಮ್ಮಪ್ಪನಿಗೆ ಫೋನ್ ಬಂದಿತ್ತು. ಅವರು ನಿವೃತ್ತ ಮೇಷ್ಟ್ರು. ಐದು ತಾಸು ಕುರ್ಚಿಯಿಂದ ಎದ್ದಿರಲಿಲ್ಲ, ಅವ್ವ ಊಟಕ್ಕೆ ಕರೆದರೂ ಸನ್ನೆ ಮಾಡಿ ಕಳಿಸಿದ್ದರು. ಡಿಜಿಟಲ್ ಅರೆಸ್ಟ್ ಅನ್ನೋದು ಯಾವ ಕಾನೂನಲ್ಲೂ ಇಲ್ಲ. ಅಂಥ ಫೋನ್ ಬಂದರೆ ಕಟ್ ಮಾಡಿ 1930ಕ್ಕೆ ಕರೆ ಮಾಡಿ. ತುಂಗಾತೀರ ಅವರಿಗೆ ಬಂದ ಆದೇಶ ಅಸಲಿ ಅನ್ನಿಸುತ್ತೆ, ಆದರೂ ಠಾಣೆಗೆ ಹೋಗಿ ಅಪರಾಧ ಸಂಖ್ಯೆ ತಾಳೆ ನೋಡಿಕೊಳ್ಳಿ. ಇಂಥ ಹೊತ್ತಲ್ಲೇ "ಸೆಟ್ಲ್ ಮಾಡಿಸ್ತೀವಿ" ಅನ್ನೋರೂ ಹುಟ್ಟಿಕೊಳ್ತಾರೆ.

ತುಂಗಾತೀರ

ತಾಳೆ ನೋಡಿದೆ, ಅಸಲಿಯೇ. ವಕೀಲರ ಫೀಸಿಗೆ ಏನು ಮಾಡೋದು ಅನ್ನೋದೇ ಈಗಿನ ಚಿಂತೆ. ತಂಗಿಯ ಖಾತೆಗೇ ತಡೆ ಬಿದ್ದಿದೆ.

ಕರಿಕೋಟು

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಇದೆ. ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಂಗಿಯೇ ಅರ್ಜಿ ಕೊಡಲಿ, ಅಥವಾ 15100ಕ್ಕೆ ಕರೆ ಮಾಡಲಿ.

ಜೊತೆಗೆ ಇವನ್ನು ಹೊಂದಿಸಿಕೊಳ್ಳಿ: ಸೈಟಿನ ಕ್ರಯಪತ್ರ, ಇ-ಸ್ವತ್ತು, 2019ರಿಂದ ಈಚೆಗಿನ ಇ.ಸಿ. (ಋಣಭಾರ ಪತ್ರ), ಚೀಟಿ ಎತ್ತಿದ ಪುಸ್ತಕ, ಸೊಸೈಟಿ ಸಾಲದ ಖಾತೆ ವಿವರ, ಅಂಗನವಾಡಿ ಗೌರವಧನ ಬಂದ ಪಾಸ್‌ಬುಕ್ಕು. ಈ ಅಧ್ಯಾಯದಲ್ಲಿ ಆಸ್ತಿ ಅಕ್ರಮದ್ದಲ್ಲ ಎಂದು ತೋರಿಸುವ ಹೊಣೆ ನಿಮ್ಮದೇ, ಸೆಕ್ಷನ್ 68ಜೆ.

ಆ 20,000 ಅನ್ನು ಮುಚ್ಚಿಡಬೇಡಿ, ನೀವೇ ಮೊದಲು ಹೇಳಿ. ಯಾವ ದಿನ ಬಂತು, ಯಾವ ಕಂತಿಗೆ ಹೋಯಿತು ಎಂದು ಬರೆದುಬಿಡಿ. ಕೆಟ್ಟದ್ದು ನಡೆದು ಮುಟ್ಟುಗೋಲಿನ ತನಕ ಹೋದರೂ 68ಕೆ ಎಂಬ ಸೆಕ್ಷನ್ ಇದೆ. ಆಸ್ತಿಯ ಒಂದು ಭಾಗದ ಮೂಲ ಮಾತ್ರ ಸಾಬೀತಾಗದೆ ಉಳಿದರೆ, ಆ ಭಾಗದ ಮಾರುಕಟ್ಟೆ ಬೆಲೆಯಷ್ಟು ದಂಡ ಕಟ್ಟಿ ಆಸ್ತಿ ಉಳಿಸಿಕೊಳ್ಳುವ ಅವಕಾಶ ಕೊಡಲೇಬೇಕು. ಇಡೀ ಸೈಟು ಹೋಗುತ್ತದೆ ಎಂದು ನಿಮ್ಮನ್ನು ಹೆದರಿಸಿದವರು ಈ ಸೆಕ್ಷನ್ ಓದಿರಲಿಕ್ಕಿಲ್ಲ.

ಹುಡುಗನಿಗೆ ಬೇರೆ ವಕೀಲರು ಇರಲಿ. ತಾಯಿಯ ಹಿತ, ಮಗನ ಹಿತ ಈ ಕೇಸಿನಲ್ಲಿ ಒಂದೇ ಅಲ್ಲ. ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಬೇಕು.

ಧಾರವಾಡದ ರಿಟೈರ್ಡ್ ಮ್ಯಾನೇಜರ್

ಸೊಸೈಟಿಯವರು ಹಳೇ ದಾಖಲೆ ಸಿಗಂಗಿಲ್ಲ ಅಂದ್ರ ಅಲ್ಲೇ ಕೂತು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೋರಿ. ಪಾಸ್‌ಬುಕ್ಕಿನ ಝೆರಾಕ್ಸ್ ಸಾಲಂಗಿಲ್ಲ, ಶಾಖೆಯಿಂದ ಸಹಿ, ಸೀಲು ಹಾಕಿದ ಪ್ರಮಾಣಿತ ಪ್ರತಿ ಬೇಕು. ತಂಗಿಗೆ ಧೈರ್ಯಾ ಹೇಳ್ರಿ.

ಕಡಲಮಗಳು

ನಾನು ಮೊದಲು ಸ್ವಲ್ಪ ಒರಟಾಗಿ ಬರೆದೆ. ನಿಮ್ಮ ಹುಡುಗ ಬರೀ ಖಾತೆ ಕೊಟ್ಟದ್ದೋ, ತಾನೂ ತಗೊಳ್ತಿದ್ದಾನೋ, ಅದನ್ನೂ ಕೇಳಿ ನೋಡಿ. ಕೇಳುವಾಗ ಹೊಡೆಯಬೇಡಿ. ನಮ್ಮವನನ್ನು ನಾವು ಹೊಡೆದೆವು, ಅವನು ಮತ್ತೆ ಆರು ತಿಂಗಳು ಬಾಯಿಯೇ ಬಿಡಲಿಲ್ಲ. 1933 ಅಂತ ಸರ್ಕಾರದ್ದೇ ಸಹಾಯವಾಣಿ ಉಂಟು.

ತುಂಗಾತೀರ

ಐದು ವಾರದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಕಾನೂನು ನೆರವಿನಿಂದ ಒಬ್ಬ ವಕೀಲೆ ಸಿಕ್ಕರು, ಚಿಕ್ಕ ವಯಸ್ಸು, ಬಹಳ ಶ್ರದ್ಧೆ. ಹದಿನೆಂಟನೇ ದಿನ ಎಲ್ಲ ಕಾಗದವನ್ನೂ ರಿಜಿಸ್ಟರ್ಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಚೆನ್ನೈಗೆ ಕಳಿಸಿದರು. ಇಪ್ಪತ್ತನಾಲ್ಕನೇ ದಿನ ಬನ್ನಿ ಅಂತ ಹೇಳಿಕಳಿಸಿದರು. ಬೆಂಗಳೂರಿಂದ ರಾತ್ರಿ ರೈಲು. ತಂಗಿ ಈ ಮೊದಲು ಕರ್ನಾಟಕ ದಾಟಿದ್ದು ಮಂತ್ರಾಲಯಕ್ಕೆ ಮಾತ್ರ. ರೈಲಲ್ಲಿ ಮಲಗಲೇ ಇಲ್ಲ, ಕಾಗದದ ಚೀಲವನ್ನು ತೊಡೆ ಮೇಲೆ ಇಟ್ಕೊಂಡೇ ಕೂತಿದ್ದಳು. ರೈಲು ಹತ್ತೋ ಮೊದಲು, ಪ್ಲಾಟ್‌ಫಾರಂ ಬೆಂಚಿನ ಮೇಲೆ, ಮಗ ನನಗೆ ಹೇಳಿದ್ದನ್ನ ಅವಳಿಗೆ ಹೇಳಿದ್ದೆ. ಅಲ್ಲಿಂದ ಬೆಳಗಿನ ತನಕ ಮಾತಿಲ್ಲ.

ಅಧಿಕಾರಿ ಕೇಳಿದ್ದು ನಾಲ್ಕೇ ಪ್ರಶ್ನೆ. ವಕೀಲೆ ಅನುವಾದ ಮಾಡ್ತಿದ್ದರು. ಈ ಇಪ್ಪತ್ತು ಸಾವಿರ ಏನಮ್ಮ ಅಂದಾಗ ಅವಳು ಪಾಸ್‌ಬುಕ್ ತೆಗೆದು ಆ ಸಾಲು ತೋರಿಸಿದಳು. ಮನೆಯಲ್ಲೇ ಅಂಗನವಾಡಿಯ ಕೆಂಪು ಪೆನ್ನಲ್ಲಿ ಗೆರೆ ಎಳೆದಿಟ್ಟಿದ್ದಳು, ನನಗೂ ಗೊತ್ತಿರಲಿಲ್ಲ. "ಮಗ ಕೊಟ್ಟ. ದುಡಿದಿದ್ದು ಅಂದ, ನಂಬಿದೆ. ಈಗ ಗೊತ್ತಾಗಿದೆ. ಅದು ನನಗೆ ಬೇಡ, ಎಲ್ಲಿ ಕಟ್ಟಬೇಕು ಹೇಳಿ" ಅಂದಳು.

ಸೈಟಿಗೂ ಅವಳ ಖಾತೆಗೂ ಇದ್ದ ತಡೆಯನ್ನು ಖಾಯಂ ಮಾಡಲಿಲ್ಲ. 20,000 ಮಾತ್ರ ಕೇಸು ಮುಗಿಯೋವರೆಗೆ ಅವಳ ಖಾತೆಯಲ್ಲಿ ಮುಟ್ಟದೆ ಇಡ್ತೀನಿ ಅಂತ ಅವಳೇ ಬರೆದುಕೊಟ್ಟಿದ್ದಾಳೆ. ಹುಡುಗನ ಖಾತೆಯ ತಡೆ ಖಾಯಂ ಆಯ್ತು. ಅವನ ಮೇಲೆ 8ಎ, 27ಬಿ ಹಾಕಿದ್ದಾರೆ. ನಿರೀಕ್ಷಣಾ ಜಾಮೀನಿನ ಅರ್ಜಿ ಈ ಗುರುವಾರ ಬರುತ್ತೆ. ಫೋನನ್ನ ಅವನೇ ತಗೊಂಡು ಹೋಗಿ ತನಿಖಾಧಿಕಾರಿಗೆ ಒಪ್ಪಿಸಿದ, ಒಂದೂ ಅಳಿಸಿಲ್ಲ. ಕಡಲಮಗಳು ಅಕ್ಕಾ, ನೀವು ಹೇಳಿದ ಹಾಗೆ ಕೇಳಿದೆ, ಹೊಡೆಯಲಿಲ್ಲ. ಎರಡು ಸಲ ತಗೊಂಡಿದ್ದನಂತೆ.

ಕರಿಕೋಟು ಸಾರ್, ಗುರುವಾರ ತಾಯಿ ಕೋರ್ಟಿನಲ್ಲಿ ಇರಬೇಕಾ? ಅವಳು ಬರ್ತೀನಿ ಅಂತಿದ್ದಾಳೆ, ಅವನು ಬೇಡ ಅಂತಿದ್ದಾನೆ.

ಕರಿಕೋಟು

ಕಾನೂನಿಗೆ ಬೇಕಿಲ್ಲ. ಬರಲಿ ಬಿಡಿ. ಬೆಳಗ್ಗೆ ಹತ್ತೂವರೆಗೆ ಮೊದಲೇ ಬನ್ನಿ, ಆಮೇಲೆ ಹಾಲಿನಲ್ಲಿ ಕೂರಲು ಜಾಗ ಸಿಗುವುದಿಲ್ಲ.